ಡಿಜಿಟಲ್ ಸಹಿ: ಟೋಕನ್ ಆಡಿಟರ್ ಡ್ರಾಯರ್‌ನಲ್ಲಿ ಬೇಡ

ಮುಂಬೈಯಲ್ಲಿ ಹೋಟೆಲು, ಕೇಟರಿಂಗ್ ನಡೆಸುವ ನಮ್ಮವರು ಕಂಪನಿ ಅಥವಾ ಎಲ್‌ಎಲ್‌ಪಿಯ (ಸೀಮಿತ ಹೊಣೆಯ ಪಾಲುದಾರಿಕೆ) ಕಾಗದಪತ್ರ ಸಲ್ಲಿಸಬೇಕಾದರೆ, ಕ್ಯಾಂಟೀನ್ ಗುತ್ತಿಗೆಯ ಇ-ಟೆಂಡರ್ ತುಂಬಬೇಕಾದರೆ ಡಿಜಿಟಲ್ ಸಹಿ ಬೇಕು. ಮಾಡಿಸುವುದು ಒಬ್ಬರು, ಒತ್ತುವುದು ಇನ್ನೊಬ್ಬರು ಎಂಬಂತಾಗಿದೆ. ಸಹಿ ಇರುವ, ಪೆನ್‌ಡ್ರೈವ್‌ನಂಥ ಟೋಕನ್‌ಗಳು ಪಿನ್ ಬರೆದ ಚೀಟಿ ಅಂಟಿಸಿಕೊಂಡು ಆಡಿಟರ್ ಕಚೇರಿಯ ಡ್ರಾಯರ್‌ನಲ್ಲಿ ಸಾಲಾಗಿ ಬಿದ್ದಿರುತ್ತವೆ. ಅದು ಯಾಕೆ ಅಪಾಯ ಎಂದು ತಿಳಿಯಲು ಸಹಿಯ ಹಿಂದಿನ ವ್ಯವಸ್ಥೆ ತುಸು ಗೊತ್ತಿರಬೇಕು.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಕಲಂ ಈ ಸಹಿಗೆ ಕೈಬರಹದ ಸಹಿಯ ಮಾನ್ಯತೆ ಕೊಟ್ಟಿದೆ. (ಉಯಿಲಿನಂಥ ಕೆಲವು ದಾಖಲೆಗಳಿಗೆ ನಡೆಯದು, ಅವಕ್ಕೆ ಕಾಗದ, ಪೆನ್ನೇ ಬೇಕು.) ದಿಲ್ಲಿಯಲ್ಲಿರುವ ಪ್ರಮಾಣೀಕರಣ ಸಂಸ್ಥೆಗಳ ನಿಯಂತ್ರಕರು (ಸಿಸಿಎ) ಸಹಿ ಇಂಥವರದೇ ಎಂದು ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೆ ಲೈಸನ್ಸ್ ಕೊಡುತ್ತಾರೆ, ದೇಶದ ಮೂಲ ಪ್ರಮಾಣಪತ್ರದಿಂದ ಅವುಗಳ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೆ. ಆ ಸಂಸ್ಥೆ ನಿಮ್ಮದಕ್ಕೆ ಹಾಕುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕೆಟ್ಟರೂ ಕೆಳಗಿನದೆಲ್ಲ ಹೋಯಿತು. 2014ರಲ್ಲಿ ಕೇಂದ್ರ ಸರಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯ ವ್ಯವಸ್ಥೆಯಿಂದ ಗೂಗಲ್, ಯಾಹೂ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಾಗ ನಿಯಂತ್ರಕರು ಸರಪಳಿಯ ನಡುವಿನ ಕೊಂಡಿಯಾದ ಎನ್‌ಐಸಿಯ ಪ್ರಮಾಣಪತ್ರಗಳನ್ನೇ ರದ್ದು ಮಾಡಿದರು.

ಮಾಡಿಸುವಾಗ ಮೊದಲು ನಿಯಂತ್ರಕರ ತಾಣದಲ್ಲಿ ಲೈಸನ್ಸ್ ಇರುವವರ ಪಟ್ಟಿ ನೋಡಿ. ಅಂಗಡಿಯ ಏಜೆಂಟ್ ಬರೀ ಮಧ್ಯವರ್ತಿ. ಮೇಲಿನ ದರ್ಜೆಯ ಕ್ಲಾಸ್ 3 ಪ್ರಮಾಣಪತ್ರವನ್ನೇ ಕೇಳಿ. ಕ್ಲಾಸ್ 2 ಕೊಡುವುದು 2021ರ ಜನವರಿಗೇ ನಿಂತಿದೆ. ಅವಧಿ ಗರಿಷ್ಠ 3 ವರ್ಷ. ಹೆಸರು ಪ್ಯಾನ್‌ನಲ್ಲಿ ಇರುವಂತೆಯೇ ಇರಲಿ. ಊರಿನ ಹೆಸರು, ಅಡ್ಡಹೆಸರು ಒಂದೊಂದು ಕಡೆ ಒಂದೊಂದು ಥರ ಇದ್ದರೆ ಪೋರ್ಟಲ್‌ನಲ್ಲಿ ನೋಂದಣಿ ಅಲ್ಲಿಗೇ ನಿಲ್ಲುತ್ತದೆ. ಓಟಿಪಿ ನಿಮ್ಮ ಮೊಬೈಲ್‌ಗೇ ಬರಬೇಕು, ವಿಡಿಯೋದಲ್ಲಿ ನೀವೇ ಕೂರಬೇಕು.

ಆಮೇಲೆ ಟೋಕನ್. ಡ್ರೈವರ್ ಹಾಕಿ, ಪಿನ್ ಬದಲಿಸಿ, ನಂತರವೇ ಪ್ರಮಾಣಪತ್ರ ಇಳಿಸಿಕೊಳ್ಳಿ. ಸಹಿಯ ಖಾಸಗಿ ಕೀಲಿ, ಅಂದರೆ ಸಹಿ ಹಾಕುವ ಗುಟ್ಟಿನ ಸಂಕೇತ, ಹುಟ್ಟುವುದು ಟೋಕನ್‌ನ ಒಳಗೇ. ಹೊರಗೆ ಬರುವುದಿಲ್ಲ, ಪ್ರಮಾಣಪತ್ರ ಕೊಟ್ಟ ಸಂಸ್ಥೆಗೂ ಸಿಗುವುದಿಲ್ಲ. ಅದಕ್ಕೇ ಅದರ ನಕಲು ಇಡಲಾಗದು. ಮತ್ತೆ ಮತ್ತೆ ತಪ್ಪು ಪಿನ್ ಒತ್ತಿದರೆ ಟೋಕನ್ ಲಾಕ್ ಆಗುತ್ತದೆ. ಯಾರೋ ಹೇಳಿದರೆಂದು ‘ಇನಿಷಿಯಲೈಸ್’ ಒತ್ತಿದಿರೋ, ಕೀಲಿ ಅಳಿಸಿಹೋಯಿತು. ಹೊಸದು ಮಾಡಿಸದೆ ಗತಿಯಿಲ್ಲ. ಇದೇ ಕಾರಣಕ್ಕೆ ಟೋಕನ್ ಮತ್ತು ಪಿನ್ ಕೈಲಿದ್ದವರು ನಿಮ್ಮ ಹೆಸರಿನಲ್ಲಿ ಏನು ಬೇಕಾದರೂ ಸಹಿ ಹಾಕಬಹುದು, ಅದು ನಿಮ್ಮದಲ್ಲ ಎಂದು ತೋರಿಸುವ ಕಷ್ಟ ನಿಮ್ಮದೇ. ಆಡಿಟರ್ ಫಾರಂ ಸಿದ್ಧಮಾಡಲಿ, ಪಿನ್ ನೀವು ಒತ್ತಿ.

ಒಂದೆರಡು ಸಹಿಗಾಗಿ ಟೋಕನ್ ಯಾಕೆ ಎನ್ನುವವರಿಗೆ ಆಧಾರ್ ಓಟಿಪಿಯ ಇ-ಸೈನ್ ಇದೆ. ಪುಣೆಯ ಸರಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಕೂಡ ಈ ಸೇವೆ ಕೊಡುತ್ತದೆ. ಕೀಲಿ ಆ ಒಂದು ಸಹಿಗಷ್ಟೇ ಹುಟ್ಟಿ ಅಲ್ಲೇ ನಾಶವಾಗುತ್ತದೆ. ಆದರೆ ಎಲ್ಲ ಪೋರ್ಟಲ್‌ಗಳೂ ಇದನ್ನು ಒಪ್ಪುವುದಿಲ್ಲ.

ಇನ್ನು ಬೇರೆಯವರ ಸಹಿ ಪರೀಕ್ಷಿಸುವುದು. ಮಹಾರಾಷ್ಟ್ರದ ಭೂದಾಖಲೆಗಳ ಮಹಾಭೂಮಿ ತಾಣದಿಂದ ಇಳಿಸಿದ ಸಾತ್‌ಬಾರಾ (ಜಮೀನಿನ 7/12 ಪತ್ರ) ಪಿಡಿಎಫ್ ತೆರೆದರೆ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಾಣಬಹುದು. ಸಹಿ ಸುಳ್ಳೆಂದಲ್ಲ, ನಿಮ್ಮ ಕಂಪ್ಯೂಟರ್‌ಗೆ ಭಾರತದ ಮೂಲ ಪ್ರಮಾಣಪತ್ರದ ಪರಿಚಯವಿಲ್ಲ ಅಷ್ಟೆ. ಅಕ್ರೋಬ್ಯಾಟ್ ರೀಡರ್‌ನಲ್ಲಿ ಸಹಿಯ ಮೇಲೆ ಕ್ಲಿಕ್ ಮಾಡಿ ‘ಸಿಗ್ನೇಚರ್ ಪ್ರಾಪರ್ಟೀಸ್’, ಅಲ್ಲಿಂದ ‘ಶೋ ಸೈನರ್ಸ್ ಸರ್ಟಿಫಿಕೇಟ್’ ತೆರೆಯಿರಿ. ಎಡಗಡೆ ಸರಪಳಿಯ ತುತ್ತತುದಿಯಲ್ಲಿ ‘ಸಿಸಿಎ ಇಂಡಿಯಾ’ ಎಂದು ಶುರುವಾಗುವ ಹೆಸರನ್ನು ಆರಿಸಿ, ‘ಟ್ರಸ್ಟ್’ ಟ್ಯಾಬ್‌ನಲ್ಲಿ ‘ಆ್ಯಡ್ ಟು ಟ್ರಸ್ಟೆಡ್ ಸರ್ಟಿಫಿಕೇಟ್ಸ್’ ಒತ್ತಿ. ಆತುರದಲ್ಲಿ ಕೆಳಗಿನ ಅಧಿಕಾರಿಯ ಹೆಸರನ್ನೇ ಆರಿಸುವವರೇ ಹೆಚ್ಚು. ಬೇರೆ ಅಧಿಕಾರಿಯ ದಾಖಲೆ ಬಂದಾಗ ಮತ್ತೆ ಅದೇ ಪ್ರಶ್ನೆ. ಒತ್ತುವ ಮುನ್ನ ನಿಯಂತ್ರಕರ ತಾಣದಿಂದ ಮೂಲ ಪ್ರಮಾಣಪತ್ರ ಇಳಿಸಿಕೊಂಡು ಎರಡರ ‘ಥಂಬ್‌ಪ್ರಿಂಟ್’ (ಪ್ರಮಾಣಪತ್ರದ ಗುರುತಿನ ಅಂಕಿ-ಅಕ್ಷರಗಳ ಸಾಲು) ಹೋಲಿಸಿ. ಸಹಿ ಹಾಕಿದ ಕಡತವನ್ನೇ ನಂಬಿ ಅದರ ಸಹಿಯನ್ನು ಒಪ್ಪುವುದರಲ್ಲಿ ಅರ್ಥವಿಲ್ಲ. ಸಹಿ ಸರಿಯಿದ್ದರೆ ಹಸಿರು ಟಿಕ್ ಕಾಣುತ್ತದೆ, ಆದರೆ ಪ್ರಿಂಟ್ ತೆಗೆದ ಟಿಕ್ ಬರೀ ಶಾಯಿ. ಸಹಿ ಇರುವುದು ಕಡತದಲ್ಲಿ.

ಟೋಕನ್ ಕಳೆದರೆ ತಡಮಾಡದೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕೆಂದು ಅದೇ ಕಾಯ್ದೆಯ 42ನೇ ಕಲಂ ಹೇಳುತ್ತದೆ. ರದ್ದಾದ ಪ್ರಮಾಣಪತ್ರದ ಸಂಖ್ಯೆ ಸಂಸ್ಥೆಯ ರದ್ದತಿ ಪಟ್ಟಿ ಸೇರುತ್ತದೆ. ತಿಳಿಸುವವರೆಗೆ ಆಗುವುದಕ್ಕೆ ಹೊಣೆ ನಿಮ್ಮದೇ. ಹೊಸ ಪ್ರಮಾಣಪತ್ರ ಬಂದ ಮೇಲೆ ಜಿಎಸ್‌ಟಿ, ಆದಾಯ ತೆರಿಗೆ, ಕಂಪನಿ ವ್ಯವಹಾರ, ಟೆಂಡರ್ ಹೀಗೆ ಪ್ರತಿ ಪೋರ್ಟಲ್‌ನಲ್ಲೂ ಬೇರೆ ಬೇರೆಯಾಗಿ ನೋಂದಾಯಿಸಬೇಕು. ಕೊನೆಯ ದಿನಾಂಕದ ಸಂಜೆಗೆ ಈ ಕೆಲಸ ಇಟ್ಟುಕೊಳ್ಳಬೇಡಿ.