ಅಳತೆ ಎಲ್ಲಿ? ಆನ್‌ಲೈನ್ ‘ಭೌತವಿಜ್ಞಾನ’ವನ್ನು ಒರೆಗೆ ಹಚ್ಚುವುದು ಹೀಗೆ

ಕರೆಂಟ್ ಇಲ್ಲದೆ ಉರಿಯುವ ಬಲ್ಬು, ಕಾಯಿಲೆ ವಾಸಿ ಮಾಡುವ ಕ್ವಾಂಟಮ್ ಪೆಂಡೆಂಟ್, ಐನ್‌ಸ್ಟೈನ್ ಹೇಳಿದ್ದು ತಪ್ಪೆಂದು ಹತ್ತು ನಿಮಿಷದಲ್ಲಿ ‘ಸಾಬೀತು’ ಮಾಡುವ ವಿಡಿಯೊ. ಮೊಬೈಲ್‌ನಲ್ಲಿ ಇಂಥವಕ್ಕೆ ಬರವಿಲ್ಲ. ನಿಜವಾದ ಭೌತವಿಜ್ಞಾನದ ಸುದ್ದಿಯೂ ಅದೇ ಪರದೆಯಲ್ಲಿ, ಅದೇ ಥರದ ತಲೆಬರಹ ಹೊತ್ತು ಬರುತ್ತದೆ. ಎರಡನ್ನೂ ಬೇರ್ಪಡಿಸಲು ಪದವಿ ಬೇಕಿಲ್ಲ. ‘ಏನನ್ನು ಅಳೆದಿರಿ, ಎಷ್ಟು ಬಂತು?’ ಎಂದು ಬಿಡದೆ ಕೇಳುವ ಅಭ್ಯಾಸ ಬೇಕು.

ಮೊದಲೇ ಒಂದು ಮಾತು. ವಿಚಿತ್ರವಾಗಿದೆ ಅನ್ನುವ ಒಂದೇ ಕಾರಣಕ್ಕೆ ಯಾವುದನ್ನೂ ತಳ್ಳಿಹಾಕಬೇಡಿ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಕೇಳಿದರೆ ಕಟ್ಟುಕತೆ ಅನ್ನಿಸುತ್ತದೆ, ಅಲ್ವಾ? ಆದರೆ ಐನ್‌ಸ್ಟೈನ್‌ನ ಸಾಪೇಕ್ಷತಾ ಸಿದ್ಧಾಂತದ ಲೆಕ್ಕವೂ ಅಷ್ಟೇ ಹೇಳುತ್ತದೆ, ಅಳೆದರೂ ಅಷ್ಟೇ ಬರುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿಲೋಮೀಟರಿಗೂ ಜಾಸ್ತಿ ಸಾಗುತ್ತದೆ. ಹಾಗಾಗಿ ಈ ವ್ಯತ್ಯಾಸವನ್ನು ಸರಿಪಡಿಸದಿದ್ದರೆ ನಿಮ್ಮ ಫೋನಿನ ನಕ್ಷೆ ಕೆಲಸಕ್ಕೇ ಬರುವುದಿಲ್ಲ.

ಹೆಜ್ಜೆ 1: ಪದ ಬಿಡಿ, ಅಳತೆ ಹಿಡಿಯಿರಿ

‘ಶಕ್ತಿ’, ‘ಕಂಪನ’, ‘ಫ್ರೀಕ್ವೆನ್ಸಿ’, ‘ಕ್ವಾಂಟಮ್’. ಹುಸಿ ವಿಜ್ಞಾನಕ್ಕೆ ಈ ನಾಲ್ಕು ಪದ ಬಲು ಪ್ರೀತಿ. ಭೌತವಿಜ್ಞಾನದಲ್ಲಿ ಶಕ್ತಿ ಅಂದರೆ ಜೂಲ್‌ನಲ್ಲಿ ಅಳೆಯುವಂಥದ್ದು. ‘ಪಾಸಿಟಿವ್ ಎನರ್ಜಿ’ ಎಷ್ಟು ಜೂಲ್ ಎಂದು ಕೇಳಿ ನೋಡಿ. ಉತ್ತರ ಬರುವುದಿಲ್ಲ.

ಕೆಲವೊಮ್ಮೆ ಸಂಖ್ಯೆಯನ್ನೂ ಕೊಡುತ್ತಾರೆ. ಅಲ್ಲಿ ಇನ್ನೂ ಹುಷಾರಾಗಿರಬೇಕು. ‘528 ಹರ್ಟ್ಸ್ ನಾದ ಡಿಎನ್‌ಎಯನ್ನು ದುರಸ್ತಿ ಮಾಡುತ್ತದೆ’ ಎಂಬ ಮಾತು ಕೇಳಿರುತ್ತೀರಿ. ಇದನ್ನು ಬಿಡಿಸಿ ನೋಡೋಣ. ನಾದ ಅಂದರೆ ಗಾಳಿಯ ಕಂಪನ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು 528ರಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸಿಗುತ್ತದೆ: ಸುಮಾರು 65 ಸೆಂಟಿಮೀಟರ್. ಡಿಎನ್‌ಎ ಎಳೆಯ ದಪ್ಪ 2 ನ್ಯಾನೋಮೀಟರ್. ಅಲೆ ಅದಕ್ಕಿಂತ ಮೂವತ್ತು ಕೋಟಿ ಪಟ್ಟಿಗೂ ಹೆಚ್ಚು ದೊಡ್ಡದು. ಅಷ್ಟು ದೊಡ್ಡ ಅಲೆ ಅಷ್ಟು ಸಣ್ಣ ಎಳೆಯಲ್ಲಿ ಕೆಟ್ಟಿರುವ ಜಾಗವನ್ನು ಹುಡುಕಿ ಸರಿಮಾಡುವುದು ಹೇಗೆ? ಇನ್ನೊಂದು ವಿಷಯ: ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂಬ ಲೆಕ್ಕ. ಸೆಕೆಂಡು ಮನುಷ್ಯರು ಗೊತ್ತುಮಾಡಿಕೊಂಡ ಅಳತೆ. ಅದು ಸ್ವಲ್ಪ ಉದ್ದವಾಗಿದ್ದಿದ್ದರೆ ಇದೇ ನಾದಕ್ಕೆ ಬೇರೆ ಸಂಖ್ಯೆ ಬರುತ್ತಿತ್ತು. 528 ಎಂಬ ಅಂಕಿಯಲ್ಲಿ ಪವಾಡವೇನೂ ಅಡಗಿಲ್ಲ. ಸಂಗೀತ ಹಿತವಾಗಿದ್ದರೆ ಖಂಡಿತ ಕೇಳಿ, ಆ ಮಾತು ಬೇರೆ.

ಹೆಜ್ಜೆ 2: ಶಕ್ತಿಯ ಜಮಾ-ಖರ್ಚು ಬರೆಯಿರಿ

‘ಉಚಿತ ವಿದ್ಯುತ್’ ವಿಡಿಯೊಗಳಿಗೆ ಇದೊಂದೇ ಸಾಕು. ಮೋಟರ್ ಜನರೇಟರನ್ನು ತಿರುಗಿಸುತ್ತದೆ, ಜನರೇಟರಿನ ಕರೆಂಟು ಮತ್ತೆ ಮೋಟರಿಗೇ ಹೋಗುತ್ತದೆ, ಮಿಕ್ಕಿದ್ದರಲ್ಲಿ ಬಲ್ಬು ಉರಿಯುತ್ತದೆ ಅನ್ನುತ್ತಾರೆ. ಮೋಟರಿಗೆ 100 ವ್ಯಾಟ್ ಕೊಟ್ಟಿರಿ ಅಂದುಕೊಳ್ಳಿ. ಮೋಟರ್, ಜನರೇಟರ್ ಎರಡೂ ಶೇ 90ರಷ್ಟು ದಕ್ಷ. ಮೋಟರಿನಿಂದ 90 ವ್ಯಾಟ್ ಹೊರಬರುತ್ತದೆ. ಜನರೇಟರ್ ದಾಟುವಾಗ ಅದು 81 ಆಗುತ್ತದೆ. ಇನ್ನೊಂದು ಸುತ್ತು ಹಾಕಿದರೆ 66ಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಬಿಸಿಯಾಗಿ, ಸದ್ದಾಗಿ ಹೋಯಿತು. ಬಲ್ಬಿಗೆ ಮಿಕ್ಕುವುದಿರಲಿ, ಮೋಟರಿಗೇ ಸಾಲುವುದಿಲ್ಲ.

ಹಾಗಾದರೆ ವಿಡಿಯೊದಲ್ಲಿ ಬಲ್ಬು ಉರಿದದ್ದು? ಹಲಗೆಯ ಕೆಳಗೊಂದು ಬ್ಯಾಟರಿ, ಮೇಜಿನ ಕಾಲಿನೊಳಗೊಂದು ತಂತಿ ಇದ್ದರೆ ಸಾಕು. ಕ್ಯಾಮೆರಾ ಎಲ್ಲಿ ಕಟ್ ಆಗುತ್ತದೆ, ಯಂತ್ರ ಎಷ್ಟು ಹೊತ್ತು ಓಡಿತು ಎಂಬುದನ್ನು ಗಮನಿಸಿ. ಮೀಟರಿನಲ್ಲಿ ಬರೀ ವೋಲ್ಟ್ ತೋರಿಸಿ ಆಂಪಿಯರ್ ಬಚ್ಚಿಟ್ಟಿದ್ದರೆ ಅಲ್ಲೇ ನಿಲ್ಲಿಸಿ. ಎರಡನ್ನೂ ಗುಣಿಸಿದರೆ ತಾನೇ ವ್ಯಾಟ್?

ನೀರಿನಿಂದ ಓಡುವ ಕಾರಿನ ಕತೆಯೂ ಇದೇ. 18 ಗ್ರಾಂ ನೀರನ್ನು ಹೈಡ್ರೋಜನ್, ಆಮ್ಲಜನಕವಾಗಿ ಒಡೆಯಲು ಸುಮಾರು 286 ಕಿಲೋಜೂಲ್ ಬೇಕು. ಮತ್ತೆ ಉರಿಸಿದರೆ ವಾಪಸ್ ಬರುವುದೂ ಅಷ್ಟೇ. ಲಾಭ ಸೊನ್ನೆ. ನಡುವಿನ ನಷ್ಟ ಬೇರೆ.

ಹೆಜ್ಜೆ 3: ಮಾರಾಟಕ್ಕಿದೆಯೇ ನೋಡಿ

ನನಗೆ ಅತಿ ಹೆಚ್ಚು ಕಳವಳ ತರುವ ಜಾಗ ಇದು. 5ಜಿ ತರಂಗ ಡಿಎನ್‌ಎಯನ್ನು ಕತ್ತರಿಸುತ್ತದೆ ಎಂದು ಹೆದರಿಸಿ ರಕ್ಷಣೆಗೆ ಪೆಂಡೆಂಟ್ ಮಾರುತ್ತಾರೆ. 30 ಗಿಗಾಹರ್ಟ್ಸ್ ತರಂಗವನ್ನೇ ತೆಗೆದುಕೊಳ್ಳಿ. ಅದರ ಒಂದು ಫೋಟಾನಿನ, ಅಂದರೆ ತರಂಗ ಹೊತ್ತೊಯ್ಯುವ ಶಕ್ತಿಯ ಅತಿ ಸಣ್ಣ ಕಂತೆಯ, ಶಕ್ತಿ ಹಸಿರು ಬೆಳಕಿನ ಫೋಟಾನಿಗಿಂತ ಸುಮಾರು 18 ಸಾವಿರ ಪಟ್ಟು ಕಡಿಮೆ. ಡಿಎನ್‌ಎಯ ಬಂಧ ಮುರಿಯುವ ತಾಕತ್ತು ಅದಕ್ಕಿಲ್ಲ. 2021ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಪೆಂಡೆಂಟ್, ಬಳೆ ಮುಂತಾದ ಹತ್ತು ವಸ್ತುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅವೇ ವಿಕಿರಣ ಸೂಸುತ್ತಿದ್ದವು! ಅದೂ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕಬಲ್ಲ, ಡಿಎನ್‌ಎಗೆ ನಿಜಕ್ಕೂ ಹಾನಿ ಮಾಡಬಲ್ಲ ವಿಕಿರಣ. ಹೆದರಿಕೆಯಿಂದ ಕೊಂಡವರು ದಿನವಿಡೀ ಅದನ್ನು ಮೈಗೆ ತಾಗಿಸಿಕೊಂಡಿರುತ್ತಾರೆ. ಮನೆಯಲ್ಲಿ ಯಾರಾದರೂ ಇಂಥದ್ದನ್ನು ಮಕ್ಕಳಿಗೆ ಹಾಕಿದ್ದರೆ ದಯವಿಟ್ಟು ತೆಗೆಸಿ.

ಹೆಜ್ಜೆ 4: ತಪ್ಪಾದಾಗ ಏನು ಮಾಡುತ್ತಾರೆ?

2011ರ ಸೆಪ್ಟೆಂಬರ್‌ನಲ್ಲಿ ‘ಒಪೆರಾ’ ಪ್ರಯೋಗದ ತಂಡಕ್ಕೆ ಒಂದು ಫಲಿತಾಂಶ ಸಿಕ್ಕಿತು. ಜಿನೀವಾ ಬಳಿಯ ಸೆರ್ನ್ ಭೌತವಿಜ್ಞಾನ ಪ್ರಯೋಗಾಲಯದಿಂದ ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯಕ್ಕೆ ಹೊರಟ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಬೇಗ ತಲುಪಿದಂತೆ ಕಂಡಿತ್ತು. ಬೆಳಕಿಗಿಂತ ವೇಗವಾಗಿ ಏನೂ ಸಾಗದು ಎನ್ನುವುದು ಐನ್‌ಸ್ಟೈನ್ ಸಿದ್ಧಾಂತ. ಆದರೂ ಆ ತಂಡ ‘ಐನ್‌ಸ್ಟೈನ್ ಸೋತ’ ಎಂದು ಡಂಗುರ ಹೊಡೆಯಲಿಲ್ಲ. ಲೆಕ್ಕವನ್ನು ಎಲ್ಲರ ಮುಂದಿಟ್ಟು, ನೀವೂ ಪರೀಕ್ಷಿಸಿ ಎಂದಿತು. 2012ರಲ್ಲಿ ಕಾರಣ ಸಿಕ್ಕಿತು: ಒಂದು ಆಪ್ಟಿಕಲ್ ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ. ಅದನ್ನೂ ಅವರೇ ಹೇಳಿದರು. ಹುಸಿ ವಿಜ್ಞಾನದವರನ್ನು ಪ್ರಶ್ನಿಸಿ ನೋಡಿ. ‘ವಿಜ್ಞಾನಿಗಳೆಲ್ಲ ಸೇರಿ ಸತ್ಯ ಮುಚ್ಚಿಡುತ್ತಿದ್ದಾರೆ’ ಎಂಬ ಉತ್ತರ ತಯಾರಿರುತ್ತದೆ. ಯಾವ ಫಲಿತಾಂಶ ಬಂದರೆ ತಮ್ಮ ಮಾತು ತಪ್ಪೆಂದು ಒಪ್ಪುತ್ತಾರೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಹೆಜ್ಜೆ 5: ಎರಡನೇ ಲ್ಯಾಬಿಗಾಗಿ ಕಾಯಿರಿ

ವಿಜ್ಞಾನಿಗಳು ತಮ್ಮ ಪ್ರಬಂಧಗಳನ್ನು ತಾವೇ ಹಾಕುವ ಆರ್‌ಕೈವ್ ತಾಣದಲ್ಲಿ ಪ್ರಬಂಧವಿದೆ ಅಂದಮಾತ್ರಕ್ಕೆ ತಜ್ಞರು ಪರಿಶೀಲಿಸಿ ಒಪ್ಪಿದ್ದಾರೆ ಎಂದಲ್ಲ. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ಎಲ್‌ಕೆ-99 ಎಂಬ ವಸ್ತು ಕೋಣೆಯ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್ (ವಿದ್ಯುತ್ತಿಗೆ ರೋಧವೇ ಒಡ್ಡದ ವಸ್ತು) ಎಂದು ಅಲ್ಲೇ ಪ್ರಕಟಿಸಿತು. ಅಯಸ್ಕಾಂತದ ಮೇಲೆ ಅರ್ಧ ತೇಲುವ ಚೂರಿನ ವಿಡಿಯೊ ಎಲ್ಲೆಡೆ ಹರಿದಾಡಿತು. ಹಲವು ದೇಶಗಳ ಲ್ಯಾಬುಗಳು ಆ ವಸ್ತುವನ್ನು ತಾವೇ ತಯಾರಿಸಿ ನೋಡಿದವು. ಕೆಲವೇ ವಾರಗಳಲ್ಲಿ ವಿಷಯ ತಿಳಿಯಾಯಿತು: ಅದು ಸೂಪರ್‌ಕಂಡಕ್ಟರ್ ಅಲ್ಲ. ಸುಮಾರು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿದ್ಯುತ್ ರೋಧ ದಿಢೀರನೆ ಇಳಿಯಲು ಕಾರಣ ಅದರಲ್ಲಿ ಬೆರೆತಿದ್ದ ಕಾಪರ್ ಸಲ್ಫೈಡ್. ಆ ಉಷ್ಣತೆಯ ಆಸುಪಾಸಿನಲ್ಲಿ ಕಾಪರ್ ಸಲ್ಫೈಡ್ ತನ್ನ ಒಳರಚನೆಯನ್ನೇ ಬದಲಿಸಿಕೊಳ್ಳುತ್ತದೆ.