ಹೊಳೆದಂಡೆಯಲ್ಲಿ ಮನೆ ಕೊಳ್ಳುವ ಮುನ್ನ: ನೀರಂಚು ಯಾರದು, ದಾರಿ ಯಾರದು?

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿಗೆ ಬೇಸಿಗೆಯಲ್ಲಿ ಹೋದವರು ಅದರ ಗೋಡೆಯವರೆಗೂ ನಡೆದು ಹೋಗಿರುತ್ತಾರೆ. ಮಳೆಗಾಲದಲ್ಲಿ ಹೋದವರು ಅದನ್ನು ಅರ್ಧ ಮುಳುಗಿದ ಸ್ಥಿತಿಯಲ್ಲಿ ಕಂಡಿರುತ್ತಾರೆ. ಹಿನ್ನೀರಿನ ಬದಿಯಲ್ಲಿ ಮನೆ ಕೊಳ್ಳಹೊರಟವರು ಈ ಎರಡೂ ನೋಟಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಜಲಾಶಯದ ಪೂರ್ಣಮಟ್ಟ 2,922 ಅಡಿ. ನೀರು ಇಳಿದಾಗ ಈ ಮಟ್ಟದ ಕೆಳಗೆ ಕಾಣುವ ಹುಲ್ಲುಗಾವಲು ಯೋಜನೆಗಾಗಿ ಸ್ವಾಧೀನವಾದ ಮುಳುಗಡೆ ಭೂಮಿ. ಏಪ್ರಿಲ್ ತಿಂಗಳಲ್ಲಿ ಅದನ್ನೇ ಮನೆಯ ಅಂಗಳವೆಂಬಂತೆ ತೋರಿಸಿದರೆ ನಂಬಬಾರದು.

ಮೊದಲು ಕಾನೂನಿನ ಬುಡವನ್ನು ತಿಳಿಯೋಣ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಕಲಮಿನ ಪ್ರಕಾರ ನದಿ, ಹಳ್ಳ, ಕೆರೆಗಳ ಪಾತ್ರ ಮತ್ತು ಅಲ್ಲಿ ನಿಂತ ಅಥವಾ ಹರಿಯುವ ನೀರು, ಖಾಸಗಿ ಹಕ್ಕು ಸಿದ್ಧವಾಗದ ಹೊರತು, ರಾಜ್ಯ ಸರ್ಕಾರದ ಸ್ವತ್ತು. ಆದ್ದರಿಂದ ಕ್ರಯಪತ್ರದ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಗಳ ವಿವರದಲ್ಲಿ) ‘ಪಶ್ಚಿಮಕ್ಕೆ ಹೊಳೆ’ ಎಂದಿದ್ದರೆ ನಿಮ್ಮ ಜಮೀನು ಹೊಳೆಯ ಅಂಚಿಗೆ ಮುಗಿಯಿತೆಂದೇ ಅರ್ಥ, ಹೊಳೆಯೂ ಸೇರಿತೆಂದಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮಗಳನ್ನು ಇಲ್ಲಿ ಉಲ್ಲೇಖಿಸುವವರೂ ಇದ್ದಾರೆ. ಅವು ಸಮುದ್ರತೀರಕ್ಕೆ ಮತ್ತು ಉಬ್ಬರವಿಳಿತದ ಪ್ರಭಾವವಿರುವ ನೀರಿಗೆ ಸಂಬಂಧಿಸಿದವು, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಗೆ ಅನ್ವಯಿಸುವುದಿಲ್ಲ.

ಮುಂದಿನ ಕೆಲಸ ಜಮೀನಿನ ಹಕ್ಕುದಾಖಲೆಯಾದ ಪಹಣಿಯನ್ನು ಸಾವಧಾನವಾಗಿ ಓದುವುದು. ಹೆಚ್ಚಿನವರು 9ನೇ ಕಾಲಂನಲ್ಲಿ ಮಾಲೀಕರ ಹೆಸರು ನೋಡಿ ಮಡಚಿಡುತ್ತಾರೆ. ಹೊಳೆದಂಡೆಯ ಜಮೀನಿನ ನಿಜಸ್ಥಿತಿ ತಿಳಿಯುವುದು 3ನೇ ಕಾಲಂನಲ್ಲಿ. ಉದಾಹರಣೆಗೆ, ಒಟ್ಟು ವಿಸ್ತೀರ್ಣ 2 ಎಕರೆ 10 ಗುಂಟೆ ಎಂದಿದ್ದು, ಅದರ ಕೆಳಗೆ ‘ಬ’ ಖರಾಬು 14 ಗುಂಟೆ ಎಂದಿದ್ದರೆ, ನೀವು ಕೊಳ್ಳಬಹುದಾದದ್ದು 1 ಎಕರೆ 36 ಗುಂಟೆ ಮಾತ್ರ. ‘ಅ’ ಖರಾಬು ಬಂಡೆಯಂಥ ಸಾಗುವಳಿಗೆ ಬಾರದ ಜಾಗ, ಅದು ಹಿಡುವಳಿದಾರರ ಬಳಿಯೇ ಉಳಿಯುತ್ತದೆ; ‘ಬ’ ಖರಾಬು ಹಳ್ಳ, ದಾರಿ, ಸ್ಮಶಾನಗಳಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ನೀರಂಚಿನ ಜಮೀನುಗಳಲ್ಲಿ ಅತ್ಯಂತ ಚೆಂದದ ತುಂಡು ಎಷ್ಟೋ ಬಾರಿ ಈ 14 ಗುಂಟೆಯಲ್ಲೇ ಇರುತ್ತದೆ, ಮತ್ತು ಬೆಲೆಯನ್ನು ಪೂರ್ತಿ 2 ಎಕರೆ 10 ಗುಂಟೆಗೆ ಕಟ್ಟಿರುತ್ತಾರೆ. ಹಣ ಕೊಡುವವರ ಕಣ್ಣು ಮೊದಲು ಬೀಳಬೇಕಾದ್ದು ಅಲ್ಲಿಗೇ.

ಕಾಗದವನ್ನು ನೆಲಕ್ಕೆ ತಾಳೆ ಹಾಕಲು ಮಾರುವವರಿಂದಲೇ ಹದ್ದುಬಸ್ತಿಗೆ, ಅಂದರೆ ಅಳತೆ ಮಾಡಿ ಗಡಿ ಗುರುತಿಸಿಕೊಡುವುದಕ್ಕೆ, ಅರ್ಜಿ ಹಾಕಿಸಿ. ಭೂಮಾಪಕರು ಅಳೆಯುವ ದಿನ ನೀವೂ ಅಲ್ಲಿರಿ. ಹೊಳೆ ಕಡೆಯ ಬಾಂದುಕಲ್ಲು (ಗಡಿಕಲ್ಲು) ಎಲ್ಲಿದೆ, ಅದು ದಂಡೆ ಕುಸಿದು ನೀರಿಗೆ ಬಿದ್ದಿದೆಯೇ ಎಂಬುದನ್ನು ಕಣ್ಣಾರೆ ನೋಡಿ. ಸರ್ಕಾರದ ಭೂನಕ್ಷೆ ಆ್ಯಪ್ ಆದ ದಿಶಾಂಕ್ ಸರ್ವೆ ನಂಬರನ್ನು ಸ್ಥೂಲವಾಗಿ ತೋರಿಸುತ್ತದೆ, ಗಡಿ ನಿಗದಿಗೆ ಅದು ಸಾಲದು.

ಅನಂತರ ದಾರಿಯ ವಿಚಾರ. ಇದರಲ್ಲಿ ಎರಡು ಬಗೆಯಿದೆ. ಮುಖ್ಯರಸ್ತೆಯಿಂದ ನಿಮ್ಮ ಮನೆಗೆ ಬರುವ ದಾರಿ ಬೇರೆಯವರ ಕಾಫಿ ತೋಟದೊಳಗೆ ಹಾಯ್ದು ಬರುತ್ತಿದ್ದರೆ ‘ದಾರಿ ಬಿಡುತ್ತೇವೆ’ ಎಂಬ ಬಾಯಿಮಾತಿಗೆ ಒಪ್ಪಬೇಡಿ. ಆ ತೋಟದ ಮಾಲೀಕರಿಂದಲೇ, ಸರ್ವೆ ನಂಬರು ಮತ್ತು ದಾರಿಯ ಅಗಲ ನಮೂದಾದ ನೋಂದಾಯಿತ ಪತ್ರ ಪಡೆಯಿರಿ. ಇಪ್ಪತ್ತು ವರ್ಷಗಳ ನಿರಂತರ ಬಳಕೆಯಿಂದ ಅನುಭೋಗದ ಹಕ್ಕು (ಬೇರೆಯವರ ಜಮೀನಿನಲ್ಲಿ ಹಾದುಹೋಗುವಂಥ ಹಕ್ಕು) ಹುಟ್ಟುತ್ತದೆ ಎಂಬುದು ನಿಜವಾದರೂ, ಅದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಇನ್ನೊಂದು, ಊರವರು ನಿಮ್ಮ ಜಮೀನಿನ ಮೂಲಕ ಹೊಳೆಗೆ ಇಳಿಯುವ ದಾರಿ. ದನ ಮೈತೊಳೆಯಲು, ಬಟ್ಟೆ ಒಗೆಯಲು, ಗಂಗೆಪೂಜೆಗೆ ಅವರು ತಲೆಮಾರುಗಳಿಂದ ಬಳಸಿದ ದಾರಿ ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಅಥವಾ ಕಾಲುದಾರಿಯೆಂದು ಗುರುತಾಗಿದ್ದರೆ ಬೇಲಿ ಹಾಕುವ ಅಧಿಕಾರ ನಿಮಗಿಲ್ಲ. ಗುರುತಾಗಿರದಿದ್ದರೂ, ಊರಿನ ನಾಲ್ಕು ಜನರನ್ನು ಕೇಳದೆ ಮುಂದುವರಿಯಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ದಂಡೆಯಲ್ಲಿ ಜಮೀನಿದ್ದ ಮಾತ್ರಕ್ಕೆ ಪಂಪು ಇಟ್ಟು ನೀರೆತ್ತಲಾಗದು; ಅದಕ್ಕೆ ನೀರಾವರಿ ಇಲಾಖೆಯ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದರೂ, ವಾಸದ ಮನೆಗೆ ಭೂಪರಿವರ್ತನೆಯ ಆದೇಶ ಇದೆಯೇ ಎಂದು ನೋಡಿ, ಕೆರೆ ಅಥವಾ ಹೊಳೆಯಿಂದ ಬಿಡಬೇಕಾದ ಅಂತರವನ್ನು ಸ್ಥಳೀಯ ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯಿರಿ. ಜಮೀನು ಮುಳುಗಡೆ ಸಂತ್ರಸ್ತರಿಗೆ ಅಥವಾ ದರಖಾಸ್ತಿನಲ್ಲಿ (ಸರ್ಕಾರಿ ಜಮೀನಿಗೆ ಸಲ್ಲಿಸಿದ ಅರ್ಜಿಯ ಮೇಲೆ) ಮಂಜೂರಾದದ್ದಾದರೆ, ಮೂಲ ಮಂಜೂರಾತಿ ಆದೇಶದ ಷರತ್ತುಗಳನ್ನು ವಕೀಲರು ಓದಲೇಬೇಕು. ಪರಿಶಿಷ್ಟರಿಗೆ ಮಂಜೂರಾದ ಭೂಮಿಗೆ 1978ರ ಪರಭಾರೆ (ಮಾರಾಟ, ವರ್ಗಾವಣೆ) ನಿಷೇಧ ಕಾಯ್ದೆ ಅನ್ವಯಿಸುತ್ತದೆ.

ಮುಂಗಡ ಕೊಡುವ ಮುನ್ನ ಜಾಗವನ್ನು ಒಮ್ಮೆ ಆಗಸ್ಟ್ ತಿಂಗಳಲ್ಲಿ ನೋಡಿ. 2019ರ ಆಗಸ್ಟ್‌ನಲ್ಲಿ ಹೇಮಾವತಿ ಉಕ್ಕಿ ಸಕಲೇಶಪುರದ ಹೊಳೆಮಲ್ಲೇಶ್ವರ ದೇವಸ್ಥಾನಕ್ಕೆ ನೀರು ನುಗ್ಗಿತ್ತು. ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಪಕ್ಕದ ಮನೆಯ ಹಿರಿಯರನ್ನು ಕೇಳಿ, ಅವರು ತೋರಿಸಿದ ಮಟ್ಟವನ್ನು ನೀವು ಕೊಳ್ಳಲಿರುವ ಮನೆಯ ಅಡಿಪಾಯದೊಂದಿಗೆ ಅಳೆದು ಹೋಲಿಸಿ.