ಘಟ್ಟದ ತಿರುವಿನಲ್ಲಿ ಸಿಕ್ಕ ‘ವರ್ಟ್’: ಇಂಗ್ಲಿಷ್ ಪದಗಳ ಬೇರು ಹಿಡಿಯುವುದು ಹೇಗೆ?

ಕಳೆದ ತಿಂಗಳು ಶಿರಸಿಯಿಂದ ಕುಮಟಾಕ್ಕೆ ಬಸ್ಸಿನಲ್ಲಿ ಹೊರಟಿದ್ದೆವು. ಕಿಟಕಿ ಪಕ್ಕ ಅಕ್ಕ, ಅವಳ ಕೈಯಲ್ಲಿ ನಿಂಬೆಹಣ್ಣು. ದೇವಿಮನೆ ಘಟ್ಟ ಅಂದರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತದೆ. ಈಚೆ ಅವಳ ಮಗಳು, ಮಡಿಲಲ್ಲಿ ಜೆರಾಕ್ಸ್ ಕಟ್ಟು. ಬ್ಯಾಂಕ್ ಪರೀಕ್ಷೆಗೆ ಅಂತ ಕೋಚಿಂಗ್‌ನವರು ಕೊಟ್ಟ ಇಂಗ್ಲಿಷ್ ಪದಪಟ್ಟಿ. ಎರಡು ವಾರದಿಂದ ಬಾಯಿಪಾಠ ನಡೆದಿದೆ, ಇನ್ನೂ ‘ಎ’ ಅಕ್ಷರವನ್ನೇ ದಾಟಿಲ್ಲ.

“ಮಾವಾ, ಅವರ್ಸ್, ಆಡ್ವರ್ಸ್ ಎರಡೂ ಒಂದೇ ಥರ ಕಾಣ್ತದೆ. ಯಾವುದು ಯಾವುದು ಅಂತ ದಿನಾ ಮರೀತೇನೆ.”

ಬಸ್ಸು ಆಗಷ್ಟೇ ಒಂದು ತಿರುವು ಮುಗಿಸಿ ಇನ್ನೊಂದಕ್ಕೆ ವಾಲುತ್ತಿತ್ತು. ಉತ್ತರ ಕಿಟಕಿಯ ಆಚೆಯೇ ಇತ್ತು. ಇಂಗ್ಲಿಷಿಗೆ ಎಷ್ಟೋ ಪದ ಕೊಟ್ಟ ರೋಮನ್ನರ ಭಾಷೆ ಲ್ಯಾಟಿನ್ನಿನ ‘ವರ್ಟ್’ ಅಂದರೆ ತಿರುಗು. ನಮ್ಮ ‘ಬರು’ ಹೇಗೆ ‘ಬಂದ’ ಆಗುತ್ತದೋ, ಹಾಗೆ ಅದು ಕೆಲವು ಕಡೆ ‘ವರ್ಸ್’ ಆಗುತ್ತದೆ. ಆಚೆಗೆ ಮುಖ ತಿರುಗಿಸಿದವನು ಅವರ್ಸ್, ಅಂದರೆ ಮನಸ್ಸಿಲ್ಲದವನು. ನಮ್ಮ ಕಡೆಗೇ ತಿರುಗಿ ಎದುರು ನಿಂತದ್ದು ಆಡ್ವರ್ಸ್, ಅಂದರೆ ಪ್ರತಿಕೂಲ. ಘಟ್ಟದಲ್ಲಿ ತಲೆ ತಿರುಗುತ್ತದಲ್ಲ, ಅದು ವರ್ಟಿಗೊ. ಅದೂ ಇದೇ ಮನೆಯ ಕೂಸು.

ಬೇರು ಹಿಡಿದು ಕಲಿಯುವುದು ಅಂದರೆ ಇದೇ. ಮೊದಲ ಕೆಲಸ, ಹೊಸ ಬೇರು ಹುಡುಕುವ ಮುಂಚೆ ನಮ್ಮ ಮನೆಯಲ್ಲೇ ಇರುವುದನ್ನು ನೋಡಿಕೊಳ್ಳುವುದು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ಭಾಷಾ ಪಂಡಿತ ವಿಲಿಯಂ ಜೋನ್ಸ್ ಕೋಲ್ಕತ್ತದಲ್ಲಿ ಹೇಳಿದ್ದು 1786ರಲ್ಲಿ. ಕನ್ನಡ ಆ ಕುಟುಂಬದ್ದಲ್ಲ, ನಿಜ. ಆದರೆ ಸಂಸ್ಕೃತದಿಂದ ನಾವು ತಂದುಕೊಂಡ ಪದಗಳು ಕಡಿಮೆಯೇ? ವರ್ತುಲ, ಪರಿವರ್ತನೆ ಇವುಗಳಲ್ಲಿರುವ ‘ವರ್ತ’, ವರ್ಟ್‌ನ ನೆಂಟ. ದಂತ ಗೊತ್ತಿದ್ದರೆ ಡೆಂಟಿಸ್ಟ್ ಗೊತ್ತು. ಪಾದ ಇದ್ದಲ್ಲಿ ಪೆಡಲ್, ನಾಮ ಇದ್ದಲ್ಲಿ ನಾಮಿನಿ, ನವ ಇದ್ದಲ್ಲಿ ನಾವೆಲ್. ಕಾರವಾರದವರಿಗಂತೂ ನೇವಿ ದಿನದ ಮಾತು. 2005ರಲ್ಲಿ ಅಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ನೌಕೆ, ನಾವಿಕ, ನೇವಿ, ನ್ಯಾವಿಗೇಟ್ ಎಲ್ಲ ಒಂದೇ ದೋಣಿಯವು. ಗ್ರೀಕರ ‘ನೌಸ್’ ಅಂದರೂ ಹಡಗೇ. ಹಡಗು ಹತ್ತಿದವರಿಗೆ ಹೊಟ್ಟೆ ತೊಳಸುವುದಕ್ಕೆ ಅವರು ಇಟ್ಟ ಹೆಸರಿನಿಂದಲೇ ನಾಸಿಯಾ ಬಂತು. ಅಕ್ಕನ ಕೈಯಲ್ಲಿ ನಿಂಬೆಹಣ್ಣು ಇದ್ದದ್ದು ಅದಕ್ಕೇ.

ಬೇರು ಸಿಕ್ಕ ಮೇಲೆ ಅದರ ಮುಂದೆ ಕೂರುವ ತುಂಡನ್ನು ನೋಡಬೇಕು. ಇದೂ ಹೊಸದೇನಲ್ಲ. ಆಹಾರ, ವಿಹಾರ, ಸಂಹಾರ, ಪರಿಹಾರ. ಹಿಂದೆ ಇರುವುದು ಒಂದೇ ‘ಹಾರ’, ಮುಂದಿನ ಉಪಸರ್ಗ ಬದಲಾದಂತೆ ಅರ್ಥ ಎಲ್ಲೆಲ್ಲಿಗೋ ಹೋಗುತ್ತದೆ. ವರ್ಟ್‌ಗೂ ಹಾಗೆಯೇ ಮಾಡಿ ನೋಡಿ. ಬೇರೆ ಕಡೆಗೆ ತಿರುಗಿಸಿದರೆ ಡೈವರ್ಟ್. ರಸ್ತೆ ಕೆಲಸ ನಡೆಯುವಲ್ಲೆಲ್ಲ ಡೈವರ್ಷನ್ ಬೋರ್ಡ್ ಕಂಡಿದ್ದೇವೆ, ಅಲ್ವಾ? ಒಳಮುಖವಾಗಿ ತಿರುಗಿದವನು ಇಂಟ್ರೊವರ್ಟ್. ತಲೆಕೆಳಗು ಮಾಡಿದರೆ ಇನ್ವರ್ಟ್. ಮಳೆಗಾಲದಲ್ಲಿ ಮಲೆನಾಡಿನ ಮನೆಗಳನ್ನು ಕಾಯುವ ಇನ್ವರ್ಟರ್ ಬ್ಯಾಟರಿಯ ಡಿಸಿ ಕರೆಂಟನ್ನು ಎಸಿಗೆ ತಿರುಗಿಸಿ ಕೊಡುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಸಬ್‌ವರ್ಟ್. ಸಬ್ ಅಂದರೆ ಕೆಳಗೆ. ಕೆಳಗಿನಿಂದ ಕೈಹಾಕಿ ಮಗುಚುವುದು. ಕನ್ನಡದಲ್ಲಿ ಅದಕ್ಕೆ ‘ಬುಡಮೇಲು’ ಎಂಬ ಪದ ಸಿದ್ಧವಾಗಿಯೇ ಇದೆ.

ಇಲ್ಲಿ ಒಂದು ತೊಡಕು. ಮುಂದಿನ ತುಂಡು ವೇಷ ಬದಲಿಸುತ್ತದೆ. ‘ಅಲ್ಲ’ ಎಂಬ ಅರ್ಥದ ‘ಇನ್’ ಅನ್ನುವುದು ಇಲ್ಲೀಗಲ್‌ನಲ್ಲಿ ‘ಇಲ್’, ಇರ್ರೆಗ್ಯುಲರ್‌ನಲ್ಲಿ ‘ಇರ್’, ಇಂಪಾಸಿಬಲ್‌ನಲ್ಲಿ ‘ಇಮ್’. ಗಾಬರಿ ಬೇಡ. ಸತ್ ಜೊತೆ ಜನ ಸೇರಿ ಸಜ್ಜನ ಆಗುವುದಿಲ್ಲವೇ? ಇಂಗ್ಲಿಷಿನಲ್ಲೂ ಸಂಧಿ ಇದೆ ಅಂದುಕೊಂಡರೆ ಆಯಿತು.

ಇನ್ನು ಬೇರಿನ ಸುತ್ತ ಕಥೆ ಇದ್ದರೆ ಬಿಡಬೇಡಿ. ಕಥೆ ಇರುವ ಪದ ಮರೆಯುವುದು ಕಷ್ಟ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿದವರು ‘ಸಾಲ್’ ಬೇರನ್ನು ಅಲ್ಲಿಗೇ ಕಟ್ಟಿಬಿಡಬಹುದು. ಲ್ಯಾಟಿನ್ನಿನಲ್ಲಿ ಸಾಲ್ ಅಂದರೆ ಉಪ್ಪು. ಆಸ್ಪತ್ರೆಯ ಸಲೈನ್, ಉಪ್ಪು ಹಾಕಿದ ಸಲಾಡ್, ಸಾಸ್, ಕೊನೆಗೆ ಸ್ಯಾಲರಿ ಕೂಡ ಅದರಿಂದಲೇ. ರೋಮಿನ ಸೈನಿಕರಿಗೆ ಉಪ್ಪನ್ನೇ ಅಳೆದು ಸಂಬಳ ಕೊಡುತ್ತಿದ್ದರು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ, ಪದದ ನೆಂಟಸ್ತಿಕೆ ಮಾತ್ರ ನಿಜ. ಕರಾವಳಿಯ ಗಜನಿ ಗದ್ದೆಗಳ ಸವಳು ನೆಲದಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ ಸಲಿನಿಟಿ ಅಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಕರಾವಳಿಗೇ ಮಾಡಿಸಿದಂಥ ಇನ್ನೊಂದು ಪದವಿದೆ: ಆಪರ್ಚುನಿಟಿ. ಅದರ ನಡುವೆ ಅಡಗಿ ಕೂತಿರುವುದು ಪೋರ್ಟ್, ಅಂದರೆ ಬಂದರು. ಹಾಯಿಹಡಗನ್ನು ಬಂದರಿನ ಕಡೆಗೆ ತಳ್ಳುವ ಗಾಳಿಯನ್ನು ರೋಮನ್ನರು ಆಪೋರ್ಚುನಸ್ ಅನ್ನುತ್ತಿದ್ದರು. ಗಾಳಿ ಬಂದಾಗ ತೂರಿಕೋ ಅನ್ನುವ ನಮ್ಮ ಗಾದೆಗೂ ಇದಕ್ಕೂ ಎಷ್ಟು ಹತ್ತಿರ ನೋಡಿ.

ಇಷ್ಟಾದ ಮೇಲೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೇರು ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಹಾರ ಗೊತ್ತಿದ್ದ ಮಾತ್ರಕ್ಕೆ ಸಂಹಾರ ಗೊತ್ತಾಗುತ್ತದೆಯೇ? ಹೆದ್ದಾರಿ 66ರಲ್ಲಿ ಓಡುವ ಟ್ಯಾಂಕರ್‌ಗಳ ಹಿಂದೆ ಇನ್‌ಫ್ಲೇಮಬಲ್ ಎಂದು ಬರೆದಿರುತ್ತದೆ. ಇಲ್ಲಿ ‘ಇನ್’ ಅಂದರೆ ‘ಅಲ್ಲ’ ಎಂದು ತಿಳಿದು ಬೀಡಿ ಹಚ್ಚಿದಿರೋ, ಕಥೆ ಮುಗಿಯಿತು. ಅದರ ಅರ್ಥ ಬೇಗ ಬೆಂಕಿ ಹಿಡಿಯುವುದು ಅಂತಲೇ. ಹಾಗೆಯೇ ಪೀಡಿಯಾಟ್ರಿಶಿಯನ್ ಕಾಲಿನ ಡಾಕ್ಟರಲ್ಲ, ಮಕ್ಕಳ ಡಾಕ್ಟರು. ಪೆಡಲ್‌ನ ಪೆಡ್ ಲ್ಯಾಟಿನ್ನಿನದು, ಇವರದು ಮಗು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ರಿವರ್ಟ್ ಅಂದರೆ ಹಿಂದಿನ ಸ್ಥಿತಿಗೆ ಮರಳುವುದು. ನಮ್ಮ ಆಫೀಸುಗಳಲ್ಲಿ ಉತ್ತರ ಕೊಡಿ ಅನ್ನುವುದಕ್ಕೂ ‘ಪ್ಲೀಸ್ ರಿವರ್ಟ್’ ಅಂತ ಬರೆಯುತ್ತಾರೆ. ಪರೀಕ್ಷೆಯಲ್ಲಿ ಹಾಗೆ ಬರೆಯದಿರುವುದು ಒಳ್ಳೆಯದು.

ಅದಕ್ಕೇ ಕೊನೆಯ ಕೆಲಸ ಬಳಕೆಯದು, ಸಮಯ ಜಾಸ್ತಿ ಬೇಡುವುದೂ ಇದೇ. ಒಂದು ನೋಟ್‌ಬುಕ್ ಇಡಿ, ಬೇರಿಗೊಂದು ಪುಟ. ವಾರಕ್ಕೆ ಎರಡು ಬೇರು ಸಾಕು, ಹತ್ತು ಬೇಡ. ಪ್ರತಿ ಪದದ ಎದುರು ಅರ್ಥಕ್ಕಿಂತ ಮೊದಲು, ಅದು ಯಾರ ಜೊತೆ ಓಡಾಡುತ್ತದೆ ಎಂದು ಬರೆಯಿರಿ. ಅವರ್ಸ್ ಮನುಷ್ಯರಿಗೆ ಹೇಳುವ ಪದ, ಬೆನ್ನಿಗೆ ‘ಟು’ ಬರುತ್ತದೆ. ಆಡ್ವರ್ಸ್ ಹವಾಮಾನಕ್ಕೆ, ಪರಿಣಾಮಕ್ಕೆ, ಪರಿಸ್ಥಿತಿಗೆ. ಮೊಬೈಲಿನ ಡಿಕ್ಷನರಿಯಲ್ಲಿ ಅರ್ಥ ನೋಡಿ ಸುಮ್ನೆ ಮುಚ್ಚಬೇಡಿ, ಕೆಳಗೆ ಕೊಟ್ಟ ಉದಾಹರಣೆಗಳನ್ನು ಓದಿ. ಆಮೇಲೆ ನಿಮ್ಮದೇ ಒಂದು ವಾಕ್ಯ ಬರೆಯಿರಿ. ನಿಮ್ಮ ಮನೆ, ನಿಮ್ಮ ತೋಟ, ನಿಮ್ಮ ಬಸ್ಸು ಅದರಲ್ಲಿರಲಿ. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಆ ಪುಟ ತೆರೆಯಿರಿ. ಅರ್ಥವನ್ನು ಕೈಯಿಂದ ಮುಚ್ಚಿಕೊಂಡು ಹೇಳಲು ಬರುತ್ತದೋ ನೋಡಿ.

ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಷ್ಟರಲ್ಲಿ ಅಕ್ಕನ ಮಗಳು ತನ್ನ ಮೊದಲ ವಾಕ್ಯ ಬರೆದು ತೋರಿಸಿದಳು: ‘ಮೈ ಮದರ್ ಈಸ್ ಅವರ್ಸ್ ಟು ಘಾಟ್ ರೋಡ್ಸ್.’ ‘ಟು’ ಸರಿಯಾಗಿ ಬಿದ್ದಿತ್ತು. ಅಕ್ಕನಿಗೆ ಇನ್ನೂ ತೋರಿಸಿಲ್ಲ.